ಲ್ಯಾಬ್ ಪವರ್ ಸಪ್ಲೈಗೆ ಕಮಾಂಡ್ ಕಳಿಸುವಾಗ ನಡುವೆ ಎಷ್ಟು ಡಿಲೇ ಇಡಬೇಕು?

ಪೈಥಾನ್‌ನಿಂದ ಸೀರಿಯಲ್ ಪೋರ್ಟಿನಲ್ಲಿ ಲ್ಯಾಬ್ ಪವರ್ ಸಪ್ಲೈಗೆ (ಬೇಕಾದ ವೋಲ್ಟೇಜ್, ಕರೆಂಟ್ ಸೆಟ್ ಮಾಡಿ ಕೊಡುವ ಪೆಟ್ಟಿಗೆ) ಕಮಾಂಡ್ ಕಳಿಸ್ತಿದ್ದೀರಿ, ಆಗಾಗ ಉತ್ತರ ಬಾರದೆ ಟೈಮ್‌ಔಟ್ ಆಗ್ತಿದೆ, 100 ಮಿಲಿಸೆಕೆಂಡ್ ಡಿಲೇ ಸಾಕಾ, 500 ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹೀಗೇ ಡಿಲೇ ಏರಿಸ್ತಾ ಹೋಗಿ ಒಂದಿಡೀ ಟ್ರೇ ಬೋರ್ಡು ಸುಟ್ಟವನು ನಾನು.

ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಯೂನಿಟ್ಟಿನಲ್ಲಿದ್ದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟದವರಿಗೆ ಮೊಬೈಲಿನಿಂದಲೇ ಮೋಟರ್ ಆನ್ ಮಾಡುವ ಸ್ಟಾರ್ಟರ್ ಪ್ಯಾನಲ್ ಮಾಡ್ತಿದ್ವಿ. ಒಳಗಿನ ಬೋರ್ಡನ್ನು ಟೆಸ್ಟ್ ಮಾಡುವಾಗ ರಿಲೇಗೆ 12 ವೋಲ್ಟ್, ಮೈಕ್ರೋಕಂಟ್ರೋಲರಿಗೆ 5 ವೋಲ್ಟ್ ಬೇರೆ ಬೇರೆ ಕೊಡಬೇಕು. ಅದಕ್ಕೆ ಎರಡು ಚಾನೆಲ್ಲಿನ, 30 ವೋಲ್ಟಿನವರೆಗೆ ಹೋಗುವ ಸಪ್ಲೈ. ಹಿಂಬದಿಯಲ್ಲಿ ಆರ್‌ಎಸ್-232 ಅನ್ನೋ ಸೀರಿಯಲ್ ಪೋರ್ಟ್. ನನಗೂ ಮೊದಲು ಟೈಮ್‌ಔಟೇ ಬಂದದ್ದು. ಸ್ಲೀಪ್, ಅಂದರೆ ಡಿಲೇ, ಹಾಕಿದೆ, ಕಡಿಮೆಯಾಯ್ತು. ಇನ್ನಷ್ಟು ಹಾಕಿದೆ, ನಿಂತೇಹೋಯ್ತು. ಸರಿಯಾಯ್ತು ಅಂತ ನಂಬಿದೆ. ತಪ್ಪಿದ್ದು ಅಲ್ಲೇ, ಅದನ್ನು ಬಿಡಿಸಿ ಹೇಳ್ತೀನಿ.

ನನ್ನ ಪ್ರೋಗ್ರಾಂ ಪ್ರತಿ ಟ್ರೇ ಶುರುವಿನಲ್ಲಿ ಒಂದು ಸಲ ಸೆಟ್ಟಿಂಗ್ ಕಳಿಸ್ತಿತ್ತು. ಚಾನೆಲ್ 2 ಸೆಲೆಕ್ಟ್ ಮಾಡು, ವೋಲ್ಟೇಜ್ 5, ಕರೆಂಟ್ 0.2. ಆಮೇಲೆ ಚಾನೆಲ್ 1 ಸೆಲೆಕ್ಟ್ ಮಾಡು, ವೋಲ್ಟೇಜ್ 12, ಕರೆಂಟ್ 0.5. ಈ ಸೆಲೆಕ್ಟ್ ಕಮಾಂಡ್ ಇದೆಯಲ್ಲ, ಅದಾದ ಮೇಲೆ ಏನು ಕಳಿಸಿದರೂ ಆಗ ಆಯ್ಕೆಯಾಗಿರುವ ಚಾನೆಲ್ಲಿಗೇ ಹೋಗುತ್ತೆ. ಒಂದು ದಿನ ಎರಡನೇ ಸೆಲೆಕ್ಟಿನಲ್ಲಿ ಒಂದು ಅಕ್ಷರ ಬಿದ್ದುಹೋಯ್ತು. ಸಪ್ಲೈಗೆ ಅದು ಅರ್ಥವಾಗದ ಕಮಾಂಡ್, ಬದಿಗಿಟ್ಟಿತು. ಚಾನೆಲ್ 2 ಆಯ್ಕೆಯಲ್ಲೇ ಉಳಿಯಿತು. ಹಿಂದೆಯೇ ಬಂದ 12 ವೋಲ್ಟು, 0.5 ಆಂಪಿಯರು ಎರಡೂ 5 ವೋಲ್ಟಿನ ಲೈನಿಗೆ ಕೂತವು. ಚಾನೆಲ್ 1ರಲ್ಲಿ ಹಿಂದಿನ ಟ್ರೇಯ 12 ಹಾಗೇ ಇತ್ತು.

ಪರೀಕ್ಷೆ ಇರಲಿಲ್ಲವಾ ಅಂದರೆ, ಇತ್ತು. ಬೋರ್ಡ್ ಕೂರಿಸುವ ಮುಂಚೆ ಖಾಲಿ ಜಿಗ್ಗಿನಲ್ಲಿ (ಬೋರ್ಡ್ ಕೂರಿಸಿ ಟೆಸ್ಟ್ ಮಾಡುವ ಚೌಕಟ್ಟು) ಔಟ್‌ಪುಟ್ ಆನ್ ಮಾಡಿ 'ಮೆಶರ್:ವೋಲ್ಟೇಜ್?' ಅಂತ ಕೇಳ್ತಿದ್ದೆ. ಅದೂ ಆಯ್ಕೆಯಾಗಿರುವ ಚಾನೆಲ್ಲನ್ನೇ ಅಳೆಯೋದು. ಪ್ರೋಗ್ರಾಂ ಚಾನೆಲ್ 1ರ 12 ಬರಲಿ ಅಂತ ಕಾಯ್ತಿತ್ತು. ಚಾನೆಲ್ 2ರ 12.00 ಬಂತು, ಪಾಸ್. ಆಮೇಲೆ ಬೋರ್ಡ್ ಮೇಲೆ ಬೋರ್ಡ್ ಕೂರಿಸಿದ್ದೇ. ಕಂಟ್ರೋಲರ್ ಉತ್ತರಿಸ್ತಿಲ್ಲ ಅಂತ ಫೇಲ್ ಬರ್ತಿದ್ದಾಗ ಫರ್ಮ್‌ವೇರ್ ಸರಿಯಾಗಿ ಹತ್ತಿಲ್ಲ ಅಂದುಕೊಂಡು ಬದಿಗಿಡ್ತಾ ಹೋದ್ವಿ. ಪಕ್ಕದ ಟೇಬಲ್ಲಿನವನು ಡಿಸ್‌ಪ್ಲೇ ನೋಡಿ, “ಮಾರಾಯಾ, 5 ಇರಬೇಕಾದಲ್ಲಿ 12 ತೋರಿಸ್ತಾ ಇದ್ಯಲ” ಅಂದಾಗ ಟ್ರೇ ಮುಗಿದಿತ್ತು.

ಅಕ್ಷರ ಬಿದ್ದದ್ದು ಕೇಬಲ್ಲಿನಿಂದ. 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್. ಸಪ್ಲೈ ಬೇರೆ ಕೆಲಸದಲ್ಲಿದ್ದಾಗ ಕಂಪ್ಯೂಟರನ್ನು ತಡೆಯಲು ಅದಕ್ಕೊಂದು ದಾರಿ ಬೇಕು. ನಮ್ಮ ಸಪ್ಲೈ ಡಿಟಿಆರ್-ಡಿಎಸ್‌ಆರ್ ಹ್ಯಾಂಡ್‌ಶೇಕ್ ಬಳಸುವಂಥದ್ದು, ಅಂದರೆ 'ಸ್ವಲ್ಪ ತಡಿ' ಅನ್ನೋದಕ್ಕೆ ಬೇರೆಯೇ ತಂತಿ ಬೇಕು. ನಾನು ಬೆಸುಗೆ ಹಾಕಿದ ಕೇಬಲ್ಲಿನಲ್ಲಿ ಇದ್ದದ್ದು ಟಿಎಕ್ಸ್ (ಕಳಿಸೋದು), ಆರ್‌ಎಕ್ಸ್ (ಪಡೆಯೋದು), ಗ್ರೌಂಡ್ ಮೂರೇ ತಂತಿ. ಡಿಲೇ ಹಾಕಿದ್ದರಿಂದ ದಿನಾ ಕಾಣ್ತಿದ್ದ ತಪ್ಪು ಅಪರೂಪಕ್ಕೆ ಬರುವ ತಪ್ಪಾಯ್ತು ಅಷ್ಟೇ. ದಿನಾ ಕಂಡಿದ್ದರೆ ಅಂದೇ ಹಿಡೀತಿದ್ದೆ.

ಇದರಲ್ಲಿ ನನಗೆ ಇವತ್ತಿಗೂ ನೋವಾಗೋದು, ಸಪ್ಲೈ ಸತ್ಯ ಹೇಳಲು ತಯಾರಿತ್ತು. ಇಂಥ ಉಪಕರಣಗಳ ಕಮಾಂಡ್‌ಗಳಿಗೆ 1990ರಲ್ಲಿ ಬಂದ ಎಸ್‌ಸಿಪಿಐ ಮಾನದಂಡ ಪಾಲಿಸುವ ಯಾವ ಉಪಕರಣದಲ್ಲೂ ತಪ್ಪುಗಳ ಸರದಿ ಇರುತ್ತೆ. 'ಸಿಸ್ಟಮ್:ಎರರ್?' ಅಂತ ಕೇಳಿದರೆ ಹಳೆಯದರಿಂದ ಶುರುಮಾಡಿ ಒಂದೊಂದೇ ಕೊಡುತ್ತೆ. 0 ಬಂದರೆ ಖಾಲಿ. ಸುಟ್ಟ ಮೇಲೆ ಕೇಳಿದೆ. -113, ಅನ್‌ಡಿಫೈನ್ಡ್ ಹೆಡರ್, ಅಂದರೆ ಗೊತ್ತಿಲ್ಲದ ಕಮಾಂಡ್.

ಹಾಗಾಗಿ ಡಿಲೇ ಪೂರ್ತಿ ತೆಗೆಯಿರಿ. ಪ್ರತಿ ಸೆಟ್ಟಿಂಗ್ ಗುಂಪಿನ ಕೊನೆಗೆ '*ಓಪಿಸಿ?' (ಹೇಳಿದ್ದೆಲ್ಲ ಮುಗೀತಾ) ಕೇಳಿ, 1 ಬರುವವರೆಗೆ ಮುಂದಿನದು ಕಳಿಸಬೇಡಿ. ತಕ್ಷಣ ಎರರ್ ಕೇಳಿ. ಚಾನೆಲ್ ಆಯ್ದ ಮೇಲೆ 'ಇನ್‌ಸ್ಟ್ರುಮೆಂಟ್:ಸೆಲೆಕ್ಟ್?' ಅಂತ ವಾಪಸ್ ಕೇಳಿ. ಚಾನೆಲ್, ವೋಲ್ಟೇಜ್, ಕರೆಂಟ್ ಮೂರನ್ನೂ ಒಂದೇ ಸಾಲಿನಲ್ಲಿ ಕೊಡುವ 'ಅಪ್ಲೈ' ಕಮಾಂಡ್ ನಿಮ್ಮ ಸಪ್ಲೈನಲ್ಲಿದ್ದರೆ ಸೆಲೆಕ್ಟ್ ಮುಟ್ಟಲೇಬೇಡಿ. ಓವರ್ ವೋಲ್ಟೇಜ್ ಪ್ರೊಟೆಕ್ಷನ್ (ಮಿತಿ ಮೀರಿದರೆ ಔಟ್‌ಪುಟ್ ಕಡಿಯುವ ರಕ್ಷಣೆ) ಇದ್ದರೆ 5 ವೋಲ್ಟಿನ ಚಾನೆಲ್ಲಿಗೆ 5.5 ಇಟ್ಟು, ಅದನ್ನೂ ಓದಿ ನೋಡಿ. ಔಟ್‌ಪುಟ್ ಆನ್ ಇವೆಲ್ಲದರ ನಂತರ.

ಮಲೆನಾಡಿನಲ್ಲಿದ್ದೀರಿ ಅಂತ ಬರೆದಿದ್ದೀರಿ, ಅದಕ್ಕೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡ್ತಾನೇ ಇರುತ್ತೆ, ಸಪ್ಲೈ ಆರಿ ಮತ್ತೆ ಹತ್ತುತ್ತೆ. ನಿಮ್ಮ ಸೆಟ್ಟಿಂಗ್ ಹೋಗಿರಬಹುದು, ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ. ಪ್ರತಿ ಬೋರ್ಡಿಗೂ ಮೊದಲು '*ಇಎಸ್‌ಆರ್?' ಅಂತ ಸಪ್ಲೈಗೆ ಏನೇನಾಗಿದೆ ಅನ್ನೋ ದಾಖಲೆ ಕೇಳಿ. ಬರುವ ಸಂಖ್ಯೆಯಲ್ಲಿ 128 ಸೇರಿದ್ದರೆ ನಡುವೆ ಪವರ್ ಹೋಗಿ ಬಂದಿದೆ, ಎಲ್ಲ ಮೊದಲಿಂದ ಸೆಟ್ ಮಾಡಿ. ಒಮ್ಮೆ ಓದಿದರೆ ಅದು ಅಳಿಸಿಹೋಗುತ್ತೆ, ಆದ್ದರಿಂದ ಪ್ರೋಗ್ರಾಂ ಶುರುವಾದ ಕೂಡಲೇ ಒಂದು ಸಲ ಓದಿಬಿಡಿ.

ನಿಮ್ಮ ಟೈಮ್‌ಔಟ್ ಬಗ್ಗೆ: ಸರದಿಯಲ್ಲಿ -113 ಸಿಕ್ಕರೆ ಅಕ್ಷರ ಬೀಳ್ತಿದೆ, ಕೇಬಲ್ ನೋಡಿ. -410 ಸಿಕ್ಕರೆ ಉತ್ತರ ಓದುವ ಮುಂಚೆಯೇ ಮುಂದಿನದನ್ನು ಕಳಿಸ್ತಿದ್ದೀರಿ. ಏನೂ ಸಿಗದಿದ್ದರೆ ಸಾಲಿನ ಕೊನೆಗೆ ನ್ಯೂಲೈನ್ ಹೋಗ್ತಿದೆಯಾ ನೋಡಿ. ಸಪ್ಲೈನಲ್ಲಿ ಯುಎಸ್‌ಬಿ ಅಥವಾ ಲ್ಯಾನ್ ಇದ್ದರೆ ಸೀರಿಯಲ್ ಬಿಟ್ಟು ಅದಕ್ಕೆ ಹೋಗಿ. ಎರರ್ ಸರದಿಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ಕೇಬಲ್ಲಿನ ಪಿನ್ ಜೋಡಣೆಯನ್ನೂ ಹಾಕಿ, ನೋಡ್ತೀನಿ.