ಕ್ಯಾಮೆರಾಕ್ಕೂ ಒಂದು ವಿಳಾಸ ಬೇಕು

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಾಯಿಯವರಿಗೆ ಹಂಪಿ ತೋರಿಸಿಕೊಂಡು, ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ ನೀವು, ಬೆಳಿಗ್ಗೆ ಬೆಂಗಳೂರಿನಲ್ಲಿ ಅವರನ್ನು ಜೋಪಾನವಾಗಿ ಇಳಿಸುವ ಗಡಿಬಿಡಿಯಲ್ಲಿ ಕ್ಯಾಮೆರಾದ ಚೀಲವನ್ನು ಬರ್ತಿನ ಕೆಳಗೇ ಬಿಟ್ಟಿರಿ. ಮನೆ ತಲುಪಿ ಊಟ ಮುಗಿಸುವ ಹೊತ್ತಿಗೆ ಅದರ ನೆನಪಾಯಿತು. ಮರುದಿನ ನಿಲ್ದಾಣಕ್ಕೆ ಹೋಗಿ ವಿಚಾರಿಸಿದರೆ ಅಂಥದ್ದೇನೂ ಬಂದಿಲ್ಲವೆಂಬ ಉತ್ತರ ಸಿಕ್ಕಿತು. ಹನ್ನೊಂದು ದಿನಗಳ ಬಳಿಕ ನಮಗೆ ಬರೆದಿದ್ದೀರಿ. ಚೀಲದಲ್ಲಿ ಕ್ಯಾಮೆರಾ, ಚಾರ್ಜರ್, ಹೊರಜೇಬಿನಲ್ಲಿ ತಾಯಿಯವರ ಕನ್ನಡಕದ ಡಬ್ಬಿ ಇದ್ದವೆಂದೂ, ಕ್ಯಾಮೆರಾ ಹೋದರೆ ಹೋಗಲಿ, ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಅಮ್ಮ ನಿಂತ ಚಿತ್ರಗಳಾದರೂ ಸಿಗಬಹುದೇ ಎಂದೂ ಕೇಳಿದ್ದೀರಿ. ಸಿಕ್ಕವರು ಮರಳಿಸಲೇಬೇಕೆಂಬ ಕಾನೂನು ಇದೆಯೇ, ಮುಂದಿನ ಪ್ರವಾಸಕ್ಕೆ ಮುಂಚೆ ಏನು ಮಾಡಿಕೊಳ್ಳಬೇಕು ಎಂಬುವು ನಿಮ್ಮ ಉಳಿದೆರಡು ಪ್ರಶ್ನೆಗಳು.

ಮೊದಲನೆಯದಾಗಿ, ನೀವು ಹುಡುಕಿದ ಊರು ತಪ್ಪಿರಬಹುದು. ಆ ರೈಲಿನ ಪ್ರಯಾಣ ಬೆಂಗಳೂರಿನಲ್ಲೇ ಮುಗಿಯುವುದಿಲ್ಲ, ಮುಂದೆ ಮೈಸೂರಿಗೆ ಹೋಗುತ್ತದೆ. ಬರ್ತಿನ ಕೆಳಗಿದ್ದ ಚೀಲವೂ ಅದರೊಂದಿಗೇ ಹೋಗಿರುತ್ತದೆ, ಸಹಪ್ರಯಾಣಿಕರು ಟಿ.ಟಿ.ಇ.ಯವರಿಗೆ ಒಪ್ಪಿಸಿದ್ದರೂ, ಬೋಗಿ ಗುಡಿಸುವವರ ಕೈಗೆ ಸಿಕ್ಕಿದ್ದರೂ ಅದು ಮೈಸೂರಿನ ಕಡೆಯಲ್ಲೇ ಇರುವ ಸಂಭವ ಹೆಚ್ಚು. ಆದ್ದರಿಂದ ಮೈಸೂರು ನಿಲ್ದಾಣದ ಸ್ಟೇಷನ್ ಮಾಸ್ಟರ್ ಅವರಿಗೂ ಅಲ್ಲಿನ ರೈಲ್ವೆ ರಕ್ಷಣಾ ಪಡೆಯ ಠಾಣೆಗೂ ಇಂದೇ ಬರೆಯಿರಿ, ಸಾಧ್ಯವಾದರೆ ಖುದ್ದಾಗಿ ಹೋಗಿ. ಪ್ರಯಾಣಿಕರು ಮರೆತುಹೋದ ಸಾಮಾನನ್ನು ಪತ್ತೆಹಚ್ಚಿ ಮರಳಿಸುವ ಕೆಲಸವನ್ನು ಈ ಪಡೆ ‘ಆಪರೇಷನ್ ಅಮಾನತ್’ ಎಂಬ ಹೆಸರಿನಲ್ಲಿ ನಡೆಸುತ್ತಿದೆ. ರೈಲ್ವೆಯ ದೂರು ಜಾಲತಾಣವಾದ ರೈಲ್ ಮದದ್‌ನಲ್ಲಿಯೂ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ನಿಮ್ಮ ಪತ್ರದಲ್ಲಿ ನಮೂದಿಸಿರಿ. ಪಿ.ಎನ್.ಆರ್., ಬೋಗಿ ಮತ್ತು ಬರ್ತಿನ ಸಂಖ್ಯೆ, ತಾರೀಖು, ಚೀಲದ ಬಣ್ಣ ಇವೆಲ್ಲ ಇರಲಿ. ‘ಕಪ್ಪು ಬಣ್ಣದ ಕ್ಯಾಮೆರಾ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ, ಏಕೆಂದರೆ ಬಹುಪಾಲು ಕ್ಯಾಮೆರಾಗಳು ಕಪ್ಪಾಗಿಯೇ ಇರುತ್ತವೆ.

ಬಿಲ್ಲು ಕಳೆದುಹೋಗಿರುವುದರಿಂದ ಕ್ಯಾಮೆರಾದ ಸೀರಿಯಲ್ ನಂಬರ್ ಗೊತ್ತಿಲ್ಲವೆಂದು ಬರೆದಿದ್ದೀರಿ. ಅದು ನಿಮ್ಮ ಮನೆಯಲ್ಲೇ ಇರಬಹುದು. ಕ್ಯಾಮೆರಾ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ, ವಾರಂಟಿ ಕಾರ್ಡಿನಲ್ಲಿ ಅದನ್ನು ಮುದ್ರಿಸಿರುತ್ತಾರೆ. ಪೆಟ್ಟಿಗೆಯೂ ಇಲ್ಲದಿದ್ದರೆ, ಅದೇ ಕ್ಯಾಮೆರಾದಿಂದ ಹಿಂದೆ ತೆಗೆದು ಕಂಪ್ಯೂಟರಿಗೆ ಹಾಕಿಕೊಂಡಿರುವ ಯಾವುದಾದರೂ ಚಿತ್ರವನ್ನು ತೆರೆದು ಅದರ ವಿವರಗಳನ್ನು ನೋಡಿರಿ. ಅನೇಕ ಕ್ಯಾಮೆರಾಗಳು ತೆಗೆದ ಪ್ರತಿಯೊಂದು ಚಿತ್ರದೊಳಗೂ ದಿನಾಂಕ, ಲೆನ್ಸಿನ ವಿವರಗಳ ಜೊತೆಗೆ ತಮ್ಮ ಸಂಖ್ಯೆಯನ್ನೂ ಬರೆದಿಡುತ್ತವೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಿದ ಪ್ರತಿಯಲ್ಲಿ ಈ ವಿವರಗಳು ಉಳಿದಿರುವುದಿಲ್ಲವಾದ್ದರಿಂದ ಮೂಲ ಫೈಲನ್ನೇ ನೋಡಬೇಕು. ಮೊಬೈಲ್ ಕಳೆದರೆ ಅದರ ಐ.ಎಂ.ಇ.ಐ. ಸಂಖ್ಯೆ ಕೊಟ್ಟು ಸರ್ಕಾರದ ಸಿ.ಇ.ಐ.ಆರ್. ಜಾಲತಾಣದ ಮೂಲಕ ನಿಷ್ಕ್ರಿಯಗೊಳಿಸಬಹುದು, ಯಾರಾದರೂ ಸಿಮ್ ಹಾಕಿದರೆ ಸುಳಿವೂ ಸಿಗುತ್ತದೆ. ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ. ಸಿಕ್ಕ ಕ್ಯಾಮೆರಾ ನಿಮ್ಮದೇ ಎಂದು ತೋರಿಸಲು ಈ ಸಂಖ್ಯೆಗಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ.

ಪೊಲೀಸರ ಬಳಿ ಹೋಗುವಾಗ ಕಳೆದದ್ದು ಮತ್ತು ಕಳುವಾದದ್ದು ಎರಡೂ ಬೇರೆ ಎಂಬುದು ನೆನಪಿರಲಿ. ಮರೆತು ಬಿಟ್ಟ ವಸ್ತುವಿಗೆ ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಬಹುದು. ಕಳ್ಳತನವೆಂದು ಅನುಮಾನವಿದ್ದರೆ ಎಫ್.ಐ.ಆರ್. ಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ರೈಲ್ವೆಯಿಂದ ಪರಿಹಾರವನ್ನು ಮಾತ್ರ ನಿರೀಕ್ಷಿಸಬೇಡಿ. 1989ರ ರೈಲ್ವೆ ಕಾಯ್ದೆಯ 100ನೆಯ ಸೆಕ್ಷನ್, ಪ್ರಯಾಣಿಕರು ತಮ್ಮ ವಶದಲ್ಲೇ ಇಟ್ಟುಕೊಂಡ ಸಾಮಾನಿನ ನಷ್ಟಕ್ಕೆ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ದುರ್ನಡತೆ ಸಾಬೀತಾದ ಹೊರತು ಆಡಳಿತವನ್ನು ಹೊಣೆ ಮಾಡುವುದಿಲ್ಲ.

ಸಿಕ್ಕವರ ಹೊಣೆಯ ಬಗ್ಗೆ ಕೇಳಿದಿರಿ. ‘ದಾರಿಯಲ್ಲಿ ಸಿಕ್ಕಿದ್ದು, ನಾನೇನು ಕದ್ದೆನೇ’ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಕಾನೂನು ಅದನ್ನು ಒಪ್ಪುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 71ನೆಯ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತುವನ್ನು ಎತ್ತಿಕೊಂಡವರಿಗೆ, ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವರಿಗೆ ಇರುವಷ್ಟೇ ಹೊಣೆ ಇರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 314ನೆಯ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ: ಮಾಲೀಕರು ಯಾರೆಂದು ತಿಳಿದಿದ್ದರೂ, ತಿಳಿಯುವ ದಾರಿ ಇದ್ದರೂ, ಅಥವಾ ಹುಡುಕಲು ತಕ್ಕಷ್ಟು ಪ್ರಯತ್ನಪಟ್ಟು ತಕ್ಕಷ್ಟು ಕಾಲ ಕಾಯದೆಯೇ ಅದನ್ನು ತನ್ನದಾಗಿಸಿಕೊಂಡರೆ ಅದು ಅಪರಾಧ. ಕರಾರು ಕಾಯ್ದೆಯ 168ನೆಯ ಸೆಕ್ಷನ್ ಸಿಕ್ಕವರ ಹಿತವನ್ನೂ ನೋಡಿದೆ. ನೀವು ಇಂತಿಷ್ಟು ಬಹುಮಾನವೆಂದು ಪ್ರಕಟಿಸಿದ್ದರೆ, ಅದನ್ನು ಕೊಡುವವರೆಗೆ ವಸ್ತುವನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕು ಅವರಿಗಿದೆ. ಬಹುಮಾನ ಘೋಷಿಸುವುದು ಒಳ್ಳೆಯದೇ, ಆದರೆ ಕೊಡಲು ಮನಸ್ಸಿರುವಷ್ಟನ್ನೇ ಹೇಳಿರಿ.

‘ತಿಳಿಯುವ ದಾರಿ ಇದ್ದರೂ’ ಎಂಬ ಆ ಮಾತಿನಲ್ಲೇ ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರವಿದೆ ಎಂದು ನನಗನಿಸುತ್ತದೆ. ಕಳೆದ ಮೊಬೈಲಿಗೆ ಯಾರಾದರೂ ಕರೆ ಮಾಡುತ್ತಾರೆ, ಪರ್ಸಿನಲ್ಲಿ ಆಧಾರ್ ಕಾರ್ಡ್ ಇರುತ್ತದೆ. ಕ್ಯಾಮೆರಾ ಮೂಕ ವಸ್ತು. ಸಿಕ್ಕವರು ಎಷ್ಟೇ ಪ್ರಾಮಾಣಿಕರಾದರೂ ಯಾರಿಗೆಂದು ಕೊಡಬೇಕು? 2018ರ ಮಾರ್ಚಿನಲ್ಲಿ ತೈವಾನಿನ ಕಡಲತೀರವನ್ನು ಗುಡಿಸುತ್ತಿದ್ದ ಶಾಲಾಮಕ್ಕಳಿಗೆ, ಚಿಪ್ಪುಹುಳುಗಳು ಮೆತ್ತಿಕೊಂಡು ಕಲ್ಲಿನಂತಾಗಿದ್ದ ಒಂದು ವಸ್ತು ಸಿಕ್ಕಿತು. ಅದು ನೀರು ಹೋಗದ ಕವಚದಲ್ಲಿದ್ದ ಕ್ಯಾಮೆರಾ. ಗುಂಡಿ ಒತ್ತಿದರೆ ಚಾಲೂ ಆಯಿತು. ಜಪಾನಿನ ಇಶಿಗಾಕಿ ದ್ವೀಪದ ಬಳಿ ಕಡಲಲ್ಲಿ ಮುಳುಗುಹಾಕುವಾಗ ವಿದ್ಯಾರ್ಥಿನಿಯೊಬ್ಬಳು 2015ರಲ್ಲಿ ಅದನ್ನು ಕಳೆದುಕೊಂಡಿದ್ದಳು. ಹೆಸರು, ವಿಳಾಸ ಏನೂ ಇಲ್ಲದ್ದರಿಂದ ಶಿಕ್ಷಕರು ಒಳಗಿದ್ದ ಕೆಲವು ಚಿತ್ರಗಳನ್ನು ಫೇಸ್‌ಬುಕ್‌ನಲ್ಲಿ ಹಾಕಿದರು, ಸಾವಿರಾರು ಜನ ಹಂಚಿಕೊಂಡರು, ಒಂದೆರಡು ದಿನಗಳಲ್ಲೇ ಆಕೆ ಪತ್ತೆಯಾದಳು. ಸಂತೋಷದ ಸಂಗತಿಯೇ. ಆದರೆ ಒಂದು ಫೋನ್ ನಂಬರ್ ಇದ್ದಿದ್ದರೆ ಶಿಕ್ಷಕರ ಒಂದೇ ಕರೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅಷ್ಟು ಜನ ಬೇಕಾಯಿತು, ಮತ್ತು ಎಲ್ಲರಿಗೂ ಅಂಥ ಶಿಕ್ಷಕರು ಸಿಗುವುದಿಲ್ಲ.

ನಮ್ಮ ಪತ್ರಿಕೆಯ ಹಿರಿಯ ಛಾಯಾಗ್ರಾಹಕರು ಇದಕ್ಕೆ ಮಾಡಿಕೊಂಡಿರುವ ಏರ್ಪಾಡನ್ನು ಹೇಳುತ್ತೇನೆ. ಬ್ಯಾಟರಿ ಹಾಕುವ ಕಿಂಡಿಯ ಮುಚ್ಚಳದ ಒಳಬದಿಯಲ್ಲಿ ಬೆರಳುಗುರಿನಷ್ಟು ಅಗಲದ ಚೀಟಿ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಾಕಿದ್ದಾರೆ. ಅದರಲ್ಲಿರುವುದು ಎರಡು ಫೋನ್ ನಂಬರ್ ಮಾತ್ರ. ಎರಡನೆಯದು ಮನೆಯವರದು, ಏಕೆಂದರೆ ಚೀಲದ ಜೊತೆ ಮೊಬೈಲೂ ಹೋಗಿರಬಹುದು. ಇನ್ನೊಂದು ಚೀಟಿ ಚೀಲದ ಜೇಬಿನಲ್ಲಿದೆ. ಇದಲ್ಲದೆ ಪ್ರತಿ ಪ್ರವಾಸದ ಮೊದಲ ಚಿತ್ರವಾಗಿ, ದಪ್ಪ ಅಕ್ಷರದಲ್ಲಿ ‘ಈ ಕ್ಯಾಮೆರಾ ಸಿಕ್ಕಿದರೆ ದಯವಿಟ್ಟು ಕರೆ ಮಾಡಿ’ ಎಂದು ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಬರೆದ ಹಾಳೆಯೊಂದರ ಚಿತ್ರ ತೆಗೆದು, ಅಳಿಸಿಹೋಗದಂತೆ ಕ್ಯಾಮೆರಾದಲ್ಲೇ ಅದಕ್ಕೆ ಬೀಗ ಹಾಕುತ್ತಾರೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಬೀಗ ಹಾಕಿದ ಚಿತ್ರವೂ ಹೋಗುತ್ತದೆ, ಹಾಗಾಗಿ ಪ್ರತಿಸಲವೂ ಹೊಸದಾಗಿ ತೆಗೆಯಬೇಕು. ಕ್ಯಾಮೆರಾದ ಮೆನುವಿನಲ್ಲಿ ಕಾಪಿರೈಟ್ ಎಂಬಲ್ಲಿ ಹೆಸರು ತುಂಬುವುದೂ ಒಳ್ಳೆಯದೇ, ಆದರೆ ಅದು ಚಿತ್ರದ ವಿವರಗಳೊಳಗೆ ಅಡಗಿರುತ್ತದೆ. ಬೋಗಿ ಗುಡಿಸುವ ತಾಯಿಯ ಕಣ್ಣಿಗೆ ಬೀಳುವುದು ಚೀಟಿ.

ನಿಮಗೆ ನಿಜವಾಗಿ ಬೇಕಾದದ್ದು ಚಿತ್ರಗಳು. ಅವನ್ನು ಕ್ಯಾಮೆರಾದಿಂದ ಬೇರೆಯಾಗಿ ಇಡುವ ರೂಢಿ ಮಾಡಿಕೊಳ್ಳಿ. ದಿನಕ್ಕೊಂದು ಸಣ್ಣ ಮೆಮೊರಿ ಕಾರ್ಡ್ ಬಳಸಿ, ಸಂಜೆ ಕೋಣೆಗೆ ಬಂದ ಕೂಡಲೇ ತೆಗೆದು ಪರ್ಸಿಗೆ ಹಾಕಿಕೊಳ್ಳಿ, ಅಥವಾ ಮುಖ್ಯವಾದವನ್ನು ವೈಫೈ ಮೂಲಕ ಮೊಬೈಲಿಗೆ ಇಳಿಸಿಕೊಳ್ಳಿ. ಏರ್‌ಟ್ಯಾಗ್‌ನಂಥ ಬಿಲ್ಲೆಯನ್ನು ಚೀಲದ ಒಳಪದರದಲ್ಲಿ ಇಡಬಹುದು. ಅದು ಅಕ್ಕಪಕ್ಕದವರ ಮೊಬೈಲುಗಳ ಮೂಲಕ ತನ್ನ ಜಾಗ ತಿಳಿಸುವುದರಿಂದ ನಿಲ್ದಾಣಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಜನವಿಲ್ಲದ ಗುಡ್ಡಗಳಲ್ಲಿ ಮೌನವಾಗುತ್ತದೆ. ಅದು ಯಾರದೋ ಮನೆ ತೋರಿಸಿದರೆ ಒಬ್ಬರೇ ಹೋಗಬೇಡಿ, ಪೊಲೀಸರೊಂದಿಗೆ ಹೋಗಿ. ವಿಮಾನ ಪ್ರಯಾಣದಲ್ಲಾದರೆ, ಸೀಟಿನಲ್ಲಿ ಬಿಟ್ಟಿದ್ದನ್ನು ವಿಮಾನ ಸಂಸ್ಥೆಯಲ್ಲಿ, ತಪಾಸಣೆಯ ಟ್ರೇಯಲ್ಲಿ ಬಿಟ್ಟಿದ್ದನ್ನು ಸಿ.ಐ.ಎಸ್.ಎಫ್.ನವರಲ್ಲಿ ಮೊದಲು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಒಂದು ಗಂಟೆ. ಅಂದು ಬೆಂಗಳೂರಿನಲ್ಲಿ ಇಳಿದ ಕೂಡಲೇ ನೆನಪಾಗಿದ್ದರೆ, ರೈಲು ಇನ್ನೂ ಮಂಡ್ಯದ ದಾರಿಯಲ್ಲಿರುವಾಗಲೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಮುಂದಿನ ನಿಲ್ದಾಣದಲ್ಲಿ ಆ ಬರ್ತನ್ನು ನೋಡುವಂತೆ ಕೇಳಬಹುದಿತ್ತು.

ಕೊನೆಯದಾಗಿ, ನೀವು ಬರೆದು ಮುಂದೆ ಸಾಗಿದ ಕನ್ನಡಕದ ಡಬ್ಬಿಯ ವಿಷಯ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭಾರತವೂ ಸೇರಿದಂತೆ 40 ದೇಶಗಳಲ್ಲಿ ಮಾಲೀಕರ ಹೆಸರು ಮತ್ತು ಇಮೇಲ್ ಕಾಣುವಂತಿದ್ದ 17,000ಕ್ಕೂ ಹೆಚ್ಚು ಪರ್ಸುಗಳನ್ನು ‘ಯಾರೋ ಬಿಟ್ಟುಹೋಗಿದ್ದಾರೆ’ ಎಂದು ಹೇಳಿ ಒಪ್ಪಿಸಲಾಗಿತ್ತು. ಮಾಲೀಕರಿಗೆ ಮಾತ್ರ ಬೇಕಾದ, ಸಿಕ್ಕವರಿಗೆ ಪ್ರಯೋಜನವಿಲ್ಲದ ಬೀಗದ ಕೈಯೊಂದು ಒಳಗಿದ್ದಾಗ ಜನ ಇನ್ನೂ ಹೆಚ್ಚಾಗಿ ಮಾಲೀಕರನ್ನು ಸಂಪರ್ಕಿಸಿದರು. ವಯಸ್ಸಾದವರ ಕನ್ನಡಕವೂ ಅಂಥದ್ದೇ, ಅದನ್ನು ನೋಡಿದವರಿಗೆ ಕ್ಯಾಮೆರಾದ ಬೆಲೆಗಿಂತ ಮೊದಲು ಕಣ್ಣು ಮಂಜಾದ ಒಬ್ಬ ತಾಯಿಯ ನೆನಪಾಗುತ್ತದೆ. ಮೈಸೂರಿಗೆ ಬರೆಯುವ ಪತ್ರದಲ್ಲಿ ಡಬ್ಬಿಯ ಬಣ್ಣವನ್ನೂ ಅದರ ಮೇಲಿರುವ ಅಂಗಡಿಯ ಹೆಸರನ್ನೂ ತಪ್ಪದೆ ಸೇರಿಸಿರಿ. ಕನ್ನಡಕದ ಅಂಗಡಿಯವರು ಡಬ್ಬಿಯ ಮೇಲೆ ಫೋನ್ ನಂಬರನ್ನೂ ಹಾಕಿಸಿರುವುದುಂಟು. ಚೀಲ ಸಿಕ್ಕವರು ಆ ನಂಬರಿಗೆ ಈಗಾಗಲೇ ಕರೆ ಮಾಡಿರಬಹುದು. ಈ ಉತ್ತರ ಓದಿದ ಕೂಡಲೇ ಆ ಅಂಗಡಿಗೆ ಹೋಗಿ ಒಮ್ಮೆ ಕೇಳಿ ಬನ್ನಿ.

— ಸಂಪಾದಕ