ಹೆರಿಗೆ ವಾರ್ಡು ಕಲಿಯೋಕೆ ಬೆಂಗಳೂರೇ ಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ಎಂಬಿಬಿಎಸ್ ಆದ್ಮೇಲೆ ಬರೆಯೋ ನೀಟ್ ಪಿಜಿ ಪರೀಕ್ಷೇಲಿ ರ್‍ಯಾಂಕ್ ಪರವಾಗಿಲ್ಲ ಅನ್ನೋ ಹಾಗೆ ಬಂದಿದೆ, ಓಬಿಜಿನೇ (ಹೆರಿಗೆ, ಸ್ತ್ರೀರೋಗ ವಿಭಾಗ) ಮಾಡ್ಬೇಕು ಅಂತ ಆಸೆ. ಉತ್ತರ ಕರ್ನಾಟಕದ ಒಂದು ಸರ್ಕಾರಿ ಕಾಲೇಜಲ್ಲಿ ಎಂಎಸ್, ಇಲ್ಲಾ ಬೆಂಗಳೂರಿನ ಪ್ರೈವೇಟ್ ಆಸ್ಪತ್ರೇಲಿ ಡಿಎನ್‌ಬಿ ಸಿಗೋ ಥರ ಇದೆ, ಎರಡೂ ಸ್ಪೆಷಲಿಸ್ಟ್ ಕೋರ್ಸೇ. ಅಪ್ಪ ಬೆಂಗಳೂರೇ ಇರ್ಲಿ ಅಂತಾರೆ, ಸರ್ಕಾರಿದ್ರಲ್ಲಿ ಡ್ಯೂಟಿ ಜೀವ ಹಿಂಡುತ್ತೆ ಅಂತ ಫ್ರೆಂಡ್ಸ್ ಹೆದರಿಸ್ತಾರೆ. ಏನ್ ನೋಡಿ ಡಿಸೈಡ್ ಮಾಡ್ಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬ್ರಾಂಚ್ ಯಾವ್ದು ಅಂತ ಗೊತ್ತಿದೆಯಲ್ಲಮ್ಮ, ಅರ್ಧ ತಲೆನೋವು ಅಲ್ಲೇ ಕಳೀತು. ಎಂಎಸ್ ಆದ್ರೂ ಡಿಎನ್‌ಬಿ ಆದ್ರೂ 3 ವರ್ಷ, ಎರಡಕ್ಕೂ ಮಾನ್ಯತೆ ಇದೆ, ಅದನ್ನ ಬಿಡಿ. ಕೈಗೆ ಎಷ್ಟು ಕೆಲಸ ಸಿಗುತ್ತೆ ಅದನ್ನ ನೋಡಿ. ಪ್ರೈವೇಟಲ್ಲಿ ಹೆರಿಗೆಗೆ ಬರೋರು ಸಾಮಾನ್ಯವಾಗಿ ಇಂಥ ಡಾಕ್ಟ್ರೇ ಬೇಕು ಅಂತ ಬಂದಿರ್ತಾರೆ, ಸಿಸೇರಿಯನ್ ಅವ್ರೇ ಮಾಡ್ತಾರೆ, ನೀವು ಎದುರಿಗೆ ಕುಯ್ದ ಜಾಗ ಅಗಲ ಮಾಡೋ ರಿಟ್ರಾಕ್ಟರ್ ಹಿಡ್ಕೊಂಡು ನಿಂತಿರ್ತೀರ. ಸರ್ಕಾರಿ ಲೇಬರ್ ವಾರ್ಡಿಗೆ ನಡುರಾತ್ರಿ ತಾಲೂಕು ಆಸ್ಪತ್ರೆಯಿಂದ ಎಕ್ಲಾಂಪ್ಸಿಯಾ (ಬಿಪಿ ಏರಿ ಗರ್ಭಿಣಿಗೆ ಫಿಟ್ಸ್ ಬರೋದು) ಕೇಸ್ ರೆಫರ್ ಆಗಿ ಬಂದ್ರೆ ಮ್ಯಾಗ್‌ಸಲ್ಫ್ (ಫಿಟ್ಸ್ ತಡೆಯೋ ಇಂಜೆಕ್ಷನ್) ಕೊಟ್ಟು, ಮೊಣಕಾಲು ತಟ್ಟಿ ರಿಫ್ಲೆಕ್ಸ್ ನೋಡಿ, ಯೂರಿನ್ ಎಷ್ಟು ಬಂತು ಅಂತ ಗಂಟೆಗಂಟೆಗೂ ಬರೆಯೋದು ಜೂನಿಯರ್ ಪಿಜಿನೇ, ಅಂದ್ರೆ ಕೋರ್ಸ್ ಓದ್ತಿರೋ ಡಾಕ್ಟ್ರೇ. ಆ ಧೈರ್ಯ ಪುಸ್ತಕದಿಂದ ಬರಲ್ಲ. ಆದ್ರೆ ಜನರಲ್ ವಾರ್ಡ್ ಚೆನ್ನಾಗಿ ನಡೆಯೋ ಪ್ರೈವೇಟ್ ಆಸ್ಪತ್ರೆಗಳೂ ಇದಾವೆ, ಪಿಜಿಗಳೇ ಜಾಸ್ತಿ ಆಗಿ ಕೇಸ್ ಹಂಚ್ಕೊಳ್ಳೋ ಸರ್ಕಾರಿ ಕಾಲೇಜೂ ಇದಾವೆ, ಅದಕ್ಕೇ ಬೋರ್ಡ್ ನೋಡಿ ಹೇಳೋಕಾಗಲ್ಲ.

ಒಂದ್ಸಲ ಹೋಗಿ ಬನ್ನಿ. ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಹತ್ರ ಅಲ್ಲ, ಅವ್ರು ಒಳ್ಳೇದೇ ಹೇಳ್ತಾರೆ. ಸೆಕೆಂಡ್ ಇಯರ್ ಪಿಜಿನ ಕ್ಯಾಂಟೀನಲ್ಲಿ ಹಿಡೀರಿ. ಕಳೆದ ತಿಂಗಳು ನೀವೇ ಎಷ್ಟು ಸಿಸೇರಿಯನ್ ಮಾಡಿದ್ರಿ, ಪೋಸ್ಟ್ ಡ್ಯೂಟಿ ದಿನ (ನೈಟ್ ಡ್ಯೂಟಿ ಮುಗಿದ ಮಾರನೇ ದಿನ) ರೂಮಿಗೆ ಎಷ್ಟೊತ್ತಿಗೆ ಹೋಗ್ತೀರ, ಸ್ಟೈಪೆಂಡ್ ಟೈಮಿಗೆ ಬರುತ್ತಾ, ಮಧ್ಯ ಸೀಟ್ ಬಿಟ್ಟು ಹೋದೋರು ಇದಾರಾ, ಇದ್ರೆ ಯಾಕೆ ಅಂತ ಕೇಳಿ. ಕೊನೇ ಪ್ರಶ್ನೆಗೆ ಆಕೆ ಆಚೆಈಚೆ ನೋಡಿದ್ರೆ ಅದೇ ಉತ್ತರ ಅಂದ್ಕೊಳ್ಳಿ.

ಡ್ಯೂಟಿ ವಿಷ್ಯದಲ್ಲಿ ಫ್ರೆಂಡ್ಸ್ ಹೇಳಿದ್ದು ಸುಳ್ಳಲ್ಲ. 1992ರ ಕೇಂದ್ರದ ರೆಸಿಡೆನ್ಸಿ ಸ್ಕೀಮಲ್ಲಿ (ಪಿಜಿ ಡಾಕ್ಟ್ರುಗಳ ಡ್ಯೂಟಿ ನಿಯಮ) ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರ್ದು ಅಂತಿದೆ, 2023ರ ಪಿಜಿ ನಿಯಮದಲ್ಲಿ ವಾರಕ್ಕೊಂದು ರಜೆನೂ ಇದೆ. ಲೇಬರ್ ವಾರ್ಡಲ್ಲಿ ಇದನ್ನ ಹೇಳಿದ್ರೆ ನಗ್ತಾರೆ ಅಷ್ಟೇ. ಆದ್ರೆ ಸುಸ್ತಾಗೋದು ಬೇರೆ, ದಿನಾ ಎಲ್ಲರೆದುರು ಬೈಸ್ಕೊಳ್ಳೋದು ಬೇರೆ. ಮೊದಲನೇದನ್ನ ತಡ್ಕೋಬಹುದು, ಎರಡನೇದು ನಡೆಯೋ ಯೂನಿಟ್‌ಗೆ ಎಷ್ಟೇ ಕೇಸ್ ಇದ್ರೂ ಹೋಗ್ಬೇಡಿ.

ಅಪ್ಪನ್ನೂ ಜೊತೆಗೆ ಕರ್ಕೊಂಡು ಹೋಗಿ, ಹಾಸ್ಟೆಲ್ಲಿಂದ ಲೇಬರ್ ವಾರ್ಡಿಗೆ ರಾತ್ರಿ ನಡ್ಕೊಂಡು ಹೋಗೋ ದಾರಿ, ಡ್ಯೂಟಿ ರೂಮಿನ ಚಿಲಕ ಎರಡನ್ನೂ ನೋಡ್ಲಿ. ಕೇಂದ್ರದಿಂದ ಸೀಟು ಹಂಚೋ ಎಂಸಿಸಿಲಿ ಆಲ್ ಇಂಡಿಯಾ ಕೋಟಾ ಎಂಎಸ್, ಡಿಎನ್‌ಬಿ ಒಂದೇ ಆಪ್ಷನ್ ಲಿಸ್ಟಲ್ಲಿ ಬರುತ್ತೆ, ಸಿಗುತ್ತೋ ಇಲ್ವೋ ಅಂತ ಲೆಕ್ಕ ಹಾಕ್ಬೇಡಿ, ನಿಜವಾಗ್ಲೂ ಬೇಕಾಗಿರೋದನ್ನ ಮೇಲೆ ಹಾಕಿ. ರಾಜ್ಯ ಕೋಟಾಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬೇರೆ. ಬಾಂಡ್ (ಓದು ಮುಗಿದ್ಮೇಲೆ ಇಷ್ಟು ದಿನ ಕೆಲಸ ಮಾಡ್ಬೇಕು ಅನ್ನೋ ಕರಾರು), ಸೀಟ್ ಬಿಟ್ರೆ ಕಟ್ಟೋ ದಂಡ ಎಷ್ಟು ಅನ್ನೋದನ್ನ ಸೇರೋಕೆ ಮುಂಚೆನೇ ಓದ್ಕೊಳ್ಳಿ.