ಕಂತಿನ ದುಡ್ಡು ಎಲ್ಲಿ ಹೋಯಿತು?

ಜಮಖಂಡಿ ಕಡೆಯ ಪದವಿಪೂರ್ವ ಕಾಲೇಜಿನ ವಾಣಿಜ್ಯ ಉಪನ್ಯಾಸಕರೊಬ್ಬರು ಬರೆದಿದ್ದಾರೆ: “ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಬರುವ ವಿಮೆಯ ತತ್ವಗಳನ್ನು ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಒಬ್ಬ ಹುಡುಗ ಎದ್ದು, ‘ನಮ್ಮಪ್ಪ ಹತ್ತ್ ವರ್ಷ ತುಂಬ್ಯಾನ್ರಿ ಸರ, ಒಂದ್ ರೂಪಾಯಿ ತಿರುಗಿ ಬಂದಿಲ್ಲ’ ಅಂದಾಗ ಇಡೀ ತರಗತಿ ಅವನ ಕಡೆಗಾಯಿತು. ನನಗಿರುವುದು ಮೂರು ಪಿರಿಯಡ್. ಹೇಗೆ ತಿಳಿಸಲಿ?”

ಉತ್ತರ: ಸರ್, ತತ್ವಗಳನ್ನು ಬದಿಗಿಟ್ಟು ಆ ಹುಡುಗನ ಮಾತಿನಿಂದಲೇ ಶುರುಮಾಡಿ. ಅವನು ಕಂತನ್ನು ಪಿಗ್ಮಿ ಲೆಕ್ಕದಲ್ಲಿ ನೋಡುತ್ತಿದ್ದಾನೆ. ತುಂಬಿದ್ದು ಬಡ್ಡಿ ಸಮೇತ ಬರಬೇಕು ಎನ್ನುತ್ತಾನೆ. ತಪ್ಪು ಅವನದಲ್ಲ. ಮನೆಮನೆಗೂ ಬಂದಿರುವ ಎಂಡೋಮೆಂಟ್ ಪಾಲಿಸಿಯಲ್ಲಿ ವಿಮೆಯ ಜೊತೆ ಉಳಿತಾಯವೂ ಬೆರೆತಿರುವುದರಿಂದ ಎಲ್ಲ ವಿಮೆಯೂ ಹಾಗೇ ಎಂಬ ನಂಬಿಕೆ ಬೇರೂರಿದೆ. ಬೆಂಕಿ ವಿಮೆಯ ಕಂತು ಆ ವರ್ಷ ಅಂಗಡಿ ಸುಟ್ಟುಕೊಂಡವನಿಗೆ ಸಂದಾಯವಾಗಿರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ, ಆಡಿಸಿ ತೋರಿಸಬೇಕು.

ಎರಡು ಲೂಡೋ ದಾಳ ಸಾಕು. 36 ಮಕ್ಕಳು 36 ಅಂಗಡಿಕಾರರು. ಪ್ರತಿ ಅಂಗಡಿಯಲ್ಲಿ 1 ಲಕ್ಷ ರೂಪಾಯಿಯ ಮಾಲು. ಒಬ್ಬೊಬ್ಬರೂ ಒಂದು ಸಲ ಎರಡೂ ದಾಳ ಹಾಕಲಿ, ಎಲ್ಲರದೂ ಮುಗಿದರೆ ಒಂದು ವರ್ಷ. ಜೋಡಿ ಆರು ಬಿದ್ದವನ ಅಂಗಡಿ ಸುಟ್ಟಿತು. ಜೋಡಿ ಆರು ಬೀಳುವ ಸಂಭವ 36ರಲ್ಲಿ 1, ಆದ್ದರಿಂದ ಸರಾಸರಿ ವರ್ಷಕ್ಕೊಂದು ಅಂಗಡಿ. 1 ಲಕ್ಷವನ್ನು 36 ಜನರಿಗೆ ಹಂಚಿದರೆ ತಲಾ ಸುಮಾರು 2,778 ರೂಪಾಯಿ. ಕಂತಿನ ಬುಡ ಇದೇ ಎಂದು ಬೋರ್ಡಿನ ಮೇಲೆ ಬರೆದು, ಹತ್ತು ವರ್ಷ ಆಡಿಸಿ. ಮೂರ್ನಾಲ್ಕು ವರ್ಷ ಬೆಂಕಿಯೇ ಇರುವುದಿಲ್ಲ. ಎರಡು ಮೂರು ವರ್ಷ ಎರಡು ಅಥವಾ ಹೆಚ್ಚು ಅಂಗಡಿ ಸುಡುತ್ತವೆ. ನಿಮ್ಮ ತರಗತಿಯ ಲೆಕ್ಕ ಇದಕ್ಕಿಂತ ತುಸು ಆಚೀಚೆ ಆದರೆ ಗಾಬರಿಯಾಗಬೇಡಿ, ಅದೇ ಪಾಠ. ಮೊದಲ ವರ್ಷವೇ ಎರಡು ಸುಟ್ಟರೆ ಎಲ್ಲರ ಕಂತು ಕೂಡಿಟ್ಟ ಡಬ್ಬಿಯಲ್ಲಿ 1 ಲಕ್ಷ, ಕೊಡಬೇಕಾದ್ದು 2 ಲಕ್ಷ. ಕಂಪನಿಗೆ ಮೂಲ ಬಂಡವಾಳ ಯಾಕೆ ಬೇಕು, ಕಂತು 2,778ಕ್ಕೇ ನಿಲ್ಲದೆ ಯಾಕೆ ಏರುತ್ತದೆ ಎಂಬುದನ್ನು ಆಗ ಮಕ್ಕಳೇ ಹೇಳುತ್ತಾರೆ.

ಆಮೇಲೆ ಆಟ ಕೆಡಿಸಿ. ಮುಂದಿನ ಸಾಲಿನ ಆರು ಜನ ಹೊಳೆದಂಡೆಯವರು; ಅವರೆಲ್ಲರ ಪರವಾಗಿ ನೀವೊಬ್ಬರೇ ದಾಳ ಹಾಕಿ. ಜೋಡಿ ಆರು ಬಿತ್ತೋ, ಆರೂ ಅಂಗಡಿ ನೀರಪಾಲು, ಒಂದೇ ಏಟಿಗೆ 6 ಲಕ್ಷ. ಆಗಸ್ಟ್ 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ್ದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಬೆಂಕಿ ಒಂದೊಂದೇ ಅಂಗಡಿ ಹುಡುಕಿಕೊಂಡು ಬರುತ್ತದೆ, ಮಹಾಪೂರ ಊರಿಗೆ ಊರನ್ನೇ ಹಿಡಿಯುತ್ತದೆ. ಒಂದೇ ಊರಿನವರ ಡಬ್ಬಿ ಇದಕ್ಕೆ ಸಾಲದು. ದೂರದೂರಿನವರೂ ಸೇರಬೇಕು, ಕಂಪನಿ ತನ್ನ ಹೊರೆಯನ್ನು ಮರುವಿಮೆ ಮಾಡಿಸಬೇಕು, ಅಂದರೆ ತಾನೇ ಇನ್ನೊಂದು ಕಂಪನಿಯಲ್ಲಿ ವಿಮೆ ಮಾಡಿಸಬೇಕು. ಈ ಭಾಗಕ್ಕೆ ಇಡೀ ಪಿರಿಯಡ್ ಹೋದರೂ ಹೋಗಲಿ.

ಎರಡನೇ ಪಿರಿಯಡ್‌ಗೆ ಒಂದೇ ಲೆಕ್ಕ. ಇಳಕಲ್ ಸೀರೆ ಅಂಗಡಿಯಲ್ಲಿ 12 ಲಕ್ಷದ ಮಾಲು, ವಿಮೆ ಮಾಡಿಸಿದ್ದು 8 ಲಕ್ಷಕ್ಕೆ, ಸುಟ್ಟದ್ದು 3 ಲಕ್ಷದ್ದು. ಎಷ್ಟು ಸಿಗುತ್ತದೆ? “3 ಲಕ್ಷ” ಎಂದೇ ಬಹುತೇಕ ಎಲ್ಲರ ಉತ್ತರ, ಎಂಟರೊಳಗೆ ಮೂರು ಅಡಗುತ್ತದಲ್ಲ! ಆದರೆ ಅಂಗಡಿಕಾರ ಕಂತು ತುಂಬಿದ್ದು ಮಾಲಿನ ಮೂರರಲ್ಲಿ ಎರಡು ಪಾಲಿಗೆ ಮಾತ್ರ. ಸುಟ್ಟ ಪ್ರತಿ ಸೀರೆಯಲ್ಲೂ ಒಂದು ಪಾಲು ಅವನದೇ. 3 × 8 ÷ 12, ಅಂದರೆ 2 ಲಕ್ಷ. 5 ಕೋಟಿವರೆಗಿನ ಆಸ್ತಿಯ ಸಣ್ಣ ಉದ್ದಿಮೆಗಳಿಗೆಂದು 2021ರಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ಹೀಗೆ ಕಡಿತ ಮಾಡುವುದಿಲ್ಲ. ಅಲ್ಲಿ ಅವನು 10.5 ಲಕ್ಷಕ್ಕೆ ಮಾಡಿಸಿದ್ದರೆ ಪೂರ್ತಿ 3 ಲಕ್ಷದ ಲೆಕ್ಕ ಸಿಗುತ್ತಿತ್ತು. 8 ಲಕ್ಷಕ್ಕಾದರೆ ಅಲ್ಲೂ ಕಡಿತ ತಪ್ಪದು. ನಷ್ಟ ತುಂಬಿಕೊಡುವ ತತ್ವವನ್ನು ಈ ಲೆಕ್ಕದ ಬೆನ್ನಿಗೇ ಹೇಳಿ, ಜೀವ ವಿಮೆಗೆ ಅದು ಅನ್ವಯಿಸುವುದಿಲ್ಲ ಎಂಬುದನ್ನೂ ಸೇರಿಸಿ. ಉಳಿದ ತತ್ವಗಳಿಗೆ ಪುಸ್ತಕವೇ ಸಾಕು.

ಮೂರನೆಯದು ಬೆಳೆ ವಿಮೆಗಿರಲಿ. ಆ ಹುಡುಗನ ಅಪ್ಪ ತುಂಬಿದ್ದು ಬಹುಶಃ ಅದನ್ನೇ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ತೊಗರಿಗೆ ರೈತ ತುಂಬುವುದು ವಿಮಾ ಮೊತ್ತದ ಹೆಚ್ಚೆಂದರೆ ಶೇ. 2, ಮಿಕ್ಕ ಕಂತು ಸರ್ಕಾರಗಳದು. ಎಡವುವುದು ಒಂದೇ ಕಡೆ: ತನ್ನ ಹೊಲ ಒಣಗಿದರೆ ತನಗೆ ಪರಿಹಾರ ಎಂದುಕೊಳ್ಳುವುದು. ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಆಯ್ದ ಕೆಲವು ಹೊಲಗಳಲ್ಲಿ ಕೊಯ್ದು ತೂಗಿದಾಗ, ಬಂದ ಸರಾಸರಿಯನ್ನು ಮೊದಲೇ ಗೊತ್ತುಮಾಡಿದ ಇಳುವರಿಯ ಜೊತೆ ಹೋಲಿಸುತ್ತಾರೆ. ಗೊತ್ತುಮಾಡಿದ್ದು 10 ಕ್ವಿಂಟಲ್, ಬಂದದ್ದು 7 ಎಂದಿಟ್ಟುಕೊಳ್ಳಿ, ಕೊರತೆ ಶೇ. 30. ವಿಮಾ ಮೊತ್ತ 40,000 ಇದ್ದರೆ ಪರಿಹಾರ 12,000. ಅವನೊಬ್ಬನ ಹೊಲ ಪೂರ್ತಿ ಹೋಗಿ ಊರಿನದು ಚೆನ್ನಾಗಿ ಬಂದಿದ್ದರೆ ಏನೂ ಇಲ್ಲ. ಆಣೆಕಲ್ಲು ಬಿದ್ದಂಥ ಹಾನಿಗೆ ಮಾತ್ರ ಅವನ ಹೊಲವನ್ನೇ ನೋಡುತ್ತಾರೆ, ಅದಕ್ಕೆ 72 ಗಂಟೆಯೊಳಗೆ ತಿಳಿಸಿರಬೇಕು.

ಆ ಹುಡುಗನಿಗೆ ಅಪ್ಪನ ರಸೀದಿಯನ್ನು ಮನೆಯಲ್ಲೇ ತೆಗೆದು ನೋಡಲು ಹೇಳಿ, ತರಗತಿಗೆ ತರುವುದು ಬೇಡ. ಸರ್ವೆ ನಂಬರ್ ಸರಿಯಿದೆಯೇ, ರಸೀದಿಯಲ್ಲಿ ತೊಗರಿ ಇದ್ದು ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಗೋವಿನಜೋಳ ದಾಖಲಾಗಿದೆಯೇ ನೋಡಲಿ. ಎರಡೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರವಾಗಬಹುದು.